ಹಗ್ಗದ ಸುರುಳಿಯಲ್ಲಿ ಅಡಗಿರುವ ತಿರುವು

ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ಸಂರಕ್ಷಿತವಾಗಿರುವ, 1765ರಲ್ಲಿ ನೀರಿಗಿಳಿದ ‘ವಿಕ್ಟರಿ’ ಎಂಬ ಹಾಯಿಹಡಗಿಗೆ ಸುಮಾರು 26 ಮೈಲಿ ಉದ್ದದ ಹಗ್ಗ ಬೇಕಾಗಿತ್ತು. ಇಂದಿನ ಪುಟ್ಟ ಹಾಯಿದೋಣಿಯಲ್ಲಿಯೂ ಹಾಯಿಯನ್ನು ಏರಿಸಿ ಇಳಿಸಲು, ಅದನ್ನು ಬಿಗಿಹಿಡಿಯಲು, ದೋಣಿಯನ್ನು ಧಕ್ಕೆಗೆ ಕಟ್ಟಲು ಬೇರೆಬೇರೆ ಹಗ್ಗಗಳಿರುತ್ತವೆ. ಅವನ್ನು ಓರಣವಾಗಿ ಸುತ್ತಿಡುವುದು ನಾವಿಕನು ಕಲಿಯುವ ಮೊದಲ ಪಾಠಗಳಲ್ಲೊಂದು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಮಹತ್ವವೇಕೆ?

ಹಠಾತ್ತನೆ ಬಿರುಗಾಳಿ ಎದ್ದಿತೆನ್ನೋಣ. ಹಾಯಿಯನ್ನು ಆ ಕ್ಷಣವೇ ಇಳಿಸಬೇಕು. ಆಗ ಹಗ್ಗವು ತೊಡಕಾಗಿ ರಾಟೆಯಲ್ಲಿ ಸಿಕ್ಕಿಕೊಂಡರೆ ಹಾಯಿಯು ಮೇಲೆಯೇ ನಿಲ್ಲುವುದು, ದೋಣಿಯು ಮಗುಚಬಹುದು. ಚೆಲ್ಲಾಪಿಲ್ಲಿಯಾಗಿ ಬಿದ್ದ ಹಗ್ಗದ ಕುಣಿಕೆಯಲ್ಲಿ ಕಾಲಿಟ್ಟವನನ್ನು ಅದು ಎಳೆದೊಯ್ಯಲೂಬಹುದು.

ಈ ತೊಡಕಿನ ಮೂಲವನ್ನು ಅರಿಯಲು ಒಂದು ಸುಲಭವಾದ ಪ್ರಯೋಗವನ್ನು ಮಾಡೋಣ. ಚಪ್ಪಟೆಯಾದ ರಿಬ್ಬನ್ನನ್ನು ಪೆನ್ಸಿಲಿಗೆ ಐದು ಸುತ್ತು ಸುತ್ತಿ, ಪೆನ್ಸಿಲನ್ನು ಮೆಲ್ಲನೆ ಹೊರತೆಗೆದು, ತುದಿಗಳು ತಿರುಗದಂತೆ ಹಿಡಿದು ಎಳೆಯೋಣ. ಸುತ್ತುಗಳು ಮಾಯವಾದುವು, ಆದರೆ ರಿಬ್ಬನ್ನಿನಲ್ಲಿ ಐದು ತಿರುವುಗಳು ಉಳಿದುವು! ಹಗ್ಗದಲ್ಲಿಯೂ ಹೀಗೆಯೇ. ಒಂದೊಂದು ಸುತ್ತೂ ಒಂದೊಂದು ಪೂರ್ಣ ತಿರುವನ್ನು ಬಚ್ಚಿಟ್ಟುಕೊಂಡಿರುತ್ತದೆ. ಅದಕ್ಕೆ ಹೊರಬರಲು ದಾರಿ ಕಾಣದಾಗ ಹಗ್ಗವು ತನ್ನ ಮೇಲೆ ತಾನೇ ಸುತ್ತಿಕೊಂಡು ತೊಡಕಾಗುತ್ತದೆ.

ಮೂರು ಎಳೆಗಳ ಹಗ್ಗಗಳಲ್ಲಿ ಬಲಹುರಿಯವೇ ಹೆಚ್ಚು. ಅವನ್ನು ಗಡಿಯಾರದ ಮುಳ್ಳು ಚಲಿಸುವ ದಿಕ್ಕಿನಲ್ಲಿ ಸುತ್ತಬೇಕು. ಆಗ ಸುತ್ತಿನ ತಿರುವು ಹುರಿಗೆ ಹೊಂದಿಕೊಂಡು ಸುರುಳಿಯು ಒಪ್ಪವಾಗಿ ಕೂರುತ್ತದೆ. ಕಟ್ಟಿರುವ ತುದಿಯಿಂದ ಸುತ್ತಲು ಆರಂಭಿಸಿದರೆ, ಹೆಚ್ಚಾದ ತಿರುವು ಬಿಡಿಯಾದ ತುದಿಯ ಮೂಲಕ ಕಳೆದುಹೋಗುತ್ತದೆ.

ಜಡೆಯಂತೆ ಹೆಣೆದ ಇಂದಿನ ಪಾಲಿಯೆಸ್ಟರ್ ಹಗ್ಗಗಳಿಗೆ ಎಡಬಲವೆಂಬ ಪಕ್ಷಪಾತವಿಲ್ಲ. ಅವನ್ನು 8ರ ಆಕಾರದಲ್ಲಿ ಸುತ್ತುತ್ತಾರೆ. 8ರ ಒಂದು ಕಣ್ಣು ಕೊಟ್ಟ ತಿರುವನ್ನು ಇನ್ನೊಂದು ಕಣ್ಣು ಕಳೆಯುವುದರಿಂದ ಲೆಕ್ಕದಲ್ಲಿ ಉಳಿಯುವುದು ಸೊನ್ನೆ!

ಧಕ್ಕೆಗೆ ಕಟ್ಟುವ ಹಗ್ಗಕ್ಕೆ ನೈಲಾನು ಉತ್ತಮವಾದುದು. ಅದು ಹಿಗ್ಗಿ, ಅಲೆಗಳ ಜಗ್ಗಾಟವನ್ನು ತಾಳಿಕೊಳ್ಳುತ್ತದೆ. ಆದರೆ ಎಳೆಗಳ ನಡುವೆ ಉಳಿದ ಉಪ್ಪಿನ ಹರಳುಗಳು ಅವನ್ನು ಉಜ್ಜಿ ಸವೆಸುತ್ತವೆ. ದೀರ್ಘಕಾಲದ ಬಿಸಿಲು ನೈಲಾನನ್ನು ದುರ್ಬಲಗೊಳಿಸುತ್ತದೆ. ಆದುದರಿಂದ ಅದನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವೆಡೆ ತೂಗುಹಾಕಬೇಕು.

ಬಾವಿಯ ಹಗ್ಗವನ್ನೋ ಬಟ್ಟೆ ಒಣಹಾಕುವ ಹಗ್ಗವನ್ನೋ ಸುತ್ತುವಾಗ ನಾವೂ ಈ ಎರಡು ವಿಧಾನಗಳನ್ನು ಪರೀಕ್ಷಿಸಿ ನೋಡಬಹುದು. ಬಿಚ್ಚಿದಾಗ ಹಗ್ಗವೇ ಉತ್ತರ ಹೇಳುವುದು.