ಬಂಡೆಯ ದ್ವೀಪಗಳು, ಕರಡಿಯ ಮನೆ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಸುತ್ತಲಿನ ಗುಡ್ಡಗಳು ಯಾರೋ ಕಲ್ಲು ಹೊತ್ತು ತಂದು ಸುರಿದು ಹೋದಂತೆ ಕಾಣುತ್ತವೆ. ಒಂದರ ಮೇಲೊಂದು ಕುಳಿತ ಗುಂಡುಗಳು, ಅವುಗಳ ನಡುವೆ ಕತ್ತಲೆಯ ಸಂದುಗಳು, ಸಂದುಗಳ ಬಾಯಲ್ಲಿ ಕವಳೆ, ಪರಗಿಯ ಮುಳ್ಳುಪೊದೆಗಳು. ಗುಡ್ಡ ಮುಗಿಯುವಲ್ಲಿ ಶೇಂಗಾ, ಮೆಕ್ಕೆಜೋಳದ ಹೊಲ. ಹೊಲ ಮುಗಿಯುವಲ್ಲಿ ಮತ್ತೊಂದು ಗುಡ್ಡ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ಸರಿದಂತೆಲ್ಲ ಬಯಲು ಹಿಗ್ಗುತ್ತದೆ, ಗುಡ್ಡಗಳು ವಿರಳವಾಗುತ್ತವೆ. ಮನುಷ್ಯನ ಕಣ್ಣಿಗೆ ಇದು ಬರಗಾಲದ ಸೀಮೆ. ಮೇಲೆ ಹಾರುವ ಹದ್ದಿನ ಕಣ್ಣಿಗೆ ಇದೊಂದು ದ್ವೀಪಸಮೂಹ: ಹೊಲಗಳೇ ಕಡಲು, ಗುಡ್ಡಗಳೇ ನಡುಗಡ್ಡೆ.

ಪ್ರಾಣಿಸಂಗ್ರಹಾಲಯಗಳನ್ನು ರೂಪಿಸುವವರಿಗೆ ದ್ವೀಪಸಮೂಹದ ಮೇಲೆ ಎಲ್ಲಿಲ್ಲದ ಮೋಹ. ಅದರಲ್ಲೂ ಜ್ವಾಲಾಮುಖಿಗಳಿಂದ ಎದ್ದ ಗ್ಯಾಲಪಗೋಸ್ ಎಂದರೆ ಕೇಳುವುದೇ ಬೇಡ. ಕಪ್ಪು ಲಾವಾಬಂಡೆ, ಅದರ ಮೇಲೆ ಬಿಸಿಲು ಕಾಯಿಸುವ ಉಡದಂಥ ಇಗ್ವಾನಾ, ಕೆಳಗೆ ಕೆಸರಿನಲ್ಲಿ ಹೊರಳುವ ದೈತ್ಯ ಆಮೆ. 1835ರಲ್ಲಿ ಚಾರ್ಲ್ಸ್ ಡಾರ್ವಿನ್ ಅಲ್ಲಿ ಐದು ವಾರ ಕಳೆದಾಗ, ಆಮೆಯ ಚಿಪ್ಪು ನೋಡಿ ಅದು ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದು ಅಲ್ಲಿನ ಅಧಿಕಾರಿಯೊಬ್ಬ ಹೇಳಿದ್ದನಂತೆ. ಹತ್ತಿರ ಹತ್ತಿರದ ದ್ವೀಪಗಳಲ್ಲಿಯೂ ಜೀವಿಗಳು ಬೇರೆ ಬೇರೆಯಾಗಿ ಬೆಳೆಯುತ್ತವೆ ಎಂಬ ಈ ಸಂಗತಿಯನ್ನು ಒಂದೆರಡು ಎಕರೆಯಲ್ಲಿ ತೋರಿಸುವ ಆಸೆ ಯಾವ ಝೂಗೆ ಇರುವುದಿಲ್ಲ? ಇಂಗ್ಲೆಂಡಿನ ಚೆಸ್ಟರ್ ಝೂ 2015ರಲ್ಲಿ ಆಗ್ನೇಯ ಏಷ್ಯಾದ ದ್ವೀಪಗಳನ್ನೇ ವಸ್ತುವಾಗಿಟ್ಟುಕೊಂಡು ಒಂದು ದೊಡ್ಡ ವಿಭಾಗವನ್ನು ತೆರೆಯಿತು.

ಇಂಥ ಪ್ರದರ್ಶನಗಳಲ್ಲಿ ಕಾಣುವ ಬಂಡೆ ಸಾಮಾನ್ಯವಾಗಿ ಬಂಡೆಯಲ್ಲ. ಕಬ್ಬಿಣದ ಸರಳು, ಜಾಲರಿ ಕಟ್ಟಿ, ಅದರ ಮೇಲೆ ಸಿಮೆಂಟ್ ಸಿಂಪಡಿಸಿ, ಬಿರುಕು ಕೆತ್ತಿ, ಬಣ್ಣ ಬಳಿದ ಬೊಂಬೆಬಂಡೆ. ಒಳಗೆ ನೀರಿನ ಕೊಳವೆಯೂ ಕಾವು ಕೊಡುವ ತಂತಿಯೂ ಇರುತ್ತವೆ. ಇಷ್ಟೆಲ್ಲ ಮಾಡಿದರೂ ಕೆಲವು ಪ್ರಾಣಿಗಳು ಒಗ್ಗುವುದಿಲ್ಲ. ಕಡಲ ಪಾಚಿಯನ್ನೇ ಮೇಯುವ ಗ್ಯಾಲಪಗೋಸಿನ ಸಮುದ್ರ ಇಗ್ವಾನಾವನ್ನು ಸೆರೆಯಲ್ಲಿ ಸಾಕುವುದು ಬಹಳ ಕಷ್ಟ. ಬಂಡೆಯನ್ನು ಅಚ್ಚುಹಾಕಬಹುದು, ಸಮುದ್ರವನ್ನು ಆಗುವುದಿಲ್ಲ.

ವಿಜಯನಗರ ಸೀಮೆಯಲ್ಲಿ ಈ ಲೆಕ್ಕ ತಿರುವುಮುರುವು. ಇಲ್ಲಿ ಬಂಡೆಗೆ ಬರವಿಲ್ಲ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ ಗ್ರಾನೈಟ್ ಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಹರಿದು ಬಂದು ಕೂಡ್ಲಿಗಿ, ಹಂಪಿಗಳನ್ನು ಹಾಯ್ದು ಹೋಗುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಗ್ಯಾಲಪಗೋಸಿನಲ್ಲಿ ಇಂದು ನೀರಿನ ಮೇಲಿರುವ ಅತಿ ಹಳೆಯ ದ್ವೀಪಗಳಿಗೂ ಕೆಲವೇ ದಶಲಕ್ಷ ವರ್ಷ. ಎರಡೂ ಕರಗಿದ ಕಲ್ಲಿನ ಮಕ್ಕಳೇ. ಒಂದು ನೆಲದಾಳದಲ್ಲಿಯೇ ನಿಧಾನವಾಗಿ ಹೆಪ್ಪುಗಟ್ಟಿತು, ಇನ್ನೊಂದು ಹೊರಗೆ ಉಕ್ಕಿ ಬೇಗನೆ ಆರಿತು. ಮೇಲಿದ್ದ ಪದರವೆಲ್ಲ ಸವೆದು ಹೋದ ಮೇಲೆ ಗ್ರಾನೈಟ್ ಬಯಲಿಗೆ ಬಂತು. ಸೀಳುಗಳ ಗುಂಟ ಮಳೆ, ಬಿಸಿಲು ಕೆಲಸ ಮಾಡಿ ಮೂಲೆಗಳನ್ನು ತಿಂದು ಗುಂಡುಗಳಾಗಿಸಿದವು.

ನಿಜವಾದ ಲಾವಾವೇ ಬೇಕೆಂದರೆ ಅದೂ ದೂರವಿಲ್ಲ. ಕೂಡ್ಲಿಗಿಗೆ ತಾಗಿದ ಸಂಡೂರಿನ ಬೆಟ್ಟಸಾಲಿನಲ್ಲಿ ಅದಿರಿನ ಜೊತೆಗೆ ಇರುವುದು ಸುಮಾರು 270 ಕೋಟಿ ವರ್ಷದ ಹಿಂದೆ ಸಮುದ್ರದಡಿ ಹರಿದ ಲಾವಾ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಲ್ಲಿ ಆರಿ ದಿಂಬಿನಾಕಾರ ತಾಳಿದ ಅಂಥ ಲಾವಾವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಲಾಗಿದೆ. ಇನ್ನು ಕರ್ನಾಟಕದ ಜ್ವಾಲಾಮುಖಿ ದ್ವೀಪಗಳೆಂದರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷದ ಕಂಬಗಲ್ಲುಗಳು ಅಲ್ಲಿವೆ. ನೋಡಲು ಚೆಂದ, ಆದರೆ ಝೂ ಕಟ್ಟುವಂಥ ಪ್ರಾಣಿಸಂಪತ್ತು ಅಲ್ಲಿಲ್ಲ. ಅದು ಇರುವುದು ಬಂಡೆಗಳ ಈ ಒಣದ್ವೀಪಗಳಲ್ಲಿ.

ಕರಡಿ ಇಲ್ಲಿನ ಯಜಮಾನ. ಕಿರುಬ, ಚಿರತೆ, ಮುಳ್ಳುಹಂದಿ, ಉಡ, ನಕ್ಷತ್ರ ಆಮೆ, ಬಂಡೆಯ ಮೇಲೆ ಕೆಂಪು ಮೈ ಮಾಡಿಕೊಂಡು ತಲೆ ಕುಣಿಸುವ ಓತಿಕ್ಯಾತ ಆಮೇಲಿನವು. ಹಳದಿ ಗಂಟಲಿನ ಪಿಕಳಾರವಂತೂ ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಗ್ಯಾಲಪಗೋಸಿನ ಗುಬ್ಬಿಗಳಷ್ಟು ಹೆಸರು ಅದಕ್ಕೆ ಬಂದಿಲ್ಲ, ಅಷ್ಟೇ.

ಈ ನೆಲದಲ್ಲಿ ಒಂದು ಝೂ ಹೇಗಿರಬೇಕು ಎಂಬ ಪ್ರಶ್ನೆಗೆ ಹಿನ್ನೆಲೆಯೊಂದಿದೆ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು 1892ರಲ್ಲಿಯೇ ಪ್ರಾಣಿಸಂಗ್ರಹಾಲಯ ಸ್ಥಾಪಿಸಿದರು. ಅದರ ತೋಟದ ವಿನ್ಯಾಸಕ್ಕೆ ಜರ್ಮನಿಯ ಕ್ರುಂಬಿಗಲ್ ಕೈಜೋಡಿಸಿದರು. 1907ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಬಳಿ ಕಾರ್ಲ್ ಹಾಗನ್‌ಬೆಕ್ ಕಂಬಿಗಳನ್ನು ಕಿತ್ತು ಕಂದಕ ತೋಡಿದ. ಸಿಂಹಕ್ಕೂ ನೋಡುಗರಿಗೂ ನಡುವೆ ಹಳ್ಳ; ದೂರದಿಂದ ಹಳ್ಳ ಕಾಣುವುದಿಲ್ಲ, ಸಿಂಹ ಬಯಲಿನಲ್ಲಿಯೇ ಇದ್ದಂತೆ ಕಾಣುತ್ತದೆ. 1970ರ ದಶಕದ ಕೊನೆಗೆ ಅಮೆರಿಕದ ಸಿಯಾಟಲ್‌ನಲ್ಲಿ ಗೊರಿಲ್ಲಾಗಳಿಗೆ ಕಾಡಿನಂಥ ಮನೆ ಮಾಡಿದವರು ಇನ್ನೊಂದು ಹೆಜ್ಜೆ ಮುಂದೆ ಹೋದರು: ಪ್ರಾಣಿಯಷ್ಟೇ ಅಲ್ಲ, ನೋಡುಗನೂ ಅದೇ ಕಾಡಿನ ನಡುವೆ ನಿಲ್ಲಬೇಕು, ಪ್ರಾಣಿಗೆ ಮರೆಯಾಗುವ ಹಕ್ಕೂ ಇರಬೇಕು. ಭಾರತದಲ್ಲಿ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದ ಮೇಲೆ, ನಕ್ಷೆಗೆ ಒಪ್ಪಿಗೆಯಿಲ್ಲದೆ ಬೋನು ಕಟ್ಟಿ ಪ್ರಾಣಿ ತಂದು ಕೂಡುವ ಕಾಲ ಮುಗಿಯಿತು.

ಹಂಪಿಯ ಬಳಿ ಕಮಲಾಪುರದಲ್ಲಿ, ಬಿಳಿಕಲ್ ಕಾಯ್ದಿಟ್ಟ ಅರಣ್ಯದಲ್ಲಿ ಎದ್ದ ಅಟಲ್ ಬಿಹಾರಿ ವಾಜಪೇಯಿ ಜೂಲಾಜಿಕಲ್ ಪಾರ್ಕ್ ಈ ಹೊಸ ಕಾಲದ್ದು. 2017ರಲ್ಲಿ ಅದು ಬಾಗಿಲು ತೆರೆಯಿತು. ಬಳ್ಳಾರಿಯ ಕಿರು ಮೃಗಾಲಯದ ಪ್ರಾಣಿಗಳು ಅಲ್ಲಿಗೆ ಬಂದವು. ಹುಲಿ, ಸಿಂಹಗಳ ಸಫಾರಿಗಳೂ ಆದವು. ಸಿಂಹವಿಲ್ಲದ ಝೂಗೆ ಟಿಕೆಟ್ ಯಾರು ಕೊಳ್ಳುತ್ತಾರೆ ಎಂಬುದು ಹಳೆಯ ವಾದ, ತಳ್ಳಿಹಾಕುವಂಥದ್ದೂ ಅಲ್ಲ. ಆದರೆ ಗಿರ್‌ನ ಸಿಂಹಕ್ಕೂ ಕೂಡ್ಲಿಗಿಯ ಹುಡುಗನಿಗೂ ಸಂಬಂಧವಿಲ್ಲ. ಅವನ ಅಪ್ಪನ ಶೇಂಗಾ ಹೊಲಕ್ಕೆ ರಾತ್ರಿ ಇಳಿಯುವ ಕರಡಿಗೂ ಅವನಿಗೂ ದಿನದ ಸಂಬಂಧವಿದೆ. ಆ ಕರಡಿಯನ್ನು ಭಯವಿಲ್ಲದೆ, ನಿಧಾನವಾಗಿ ನೋಡುವ ಅವಕಾಶ ಝೂನಲ್ಲಿ ಮಾತ್ರ ಅವನಿಗೆ ಸಿಗುತ್ತದೆ.

ಹಾಗಾದರೆ ಕರಡಿಗೆ ಮನೆ ಕಟ್ಟುವುದು ಹೇಗೆ? ಅದಕ್ಕೆ ಮೊದಲು ಕರಡಿ ಹೇಗೆ ಬದುಕುತ್ತದೆಂದು ತಿಳಿಯಬೇಕು. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಉಗುರಿನಿಂದ ಹುತ್ತ ಒಡೆದು, ಮೂಗಿನ ಹೊಳ್ಳೆ ಮುಚ್ಚಿ, ಮಣ್ಣು ಊದಿ, ಆ ಸಂದಿನಿಂದ ಗೆದ್ದಲನ್ನು ಸುರ್ರೆಂದು ಹೀರುತ್ತದೆ. ಉದ್ದ ಉಗುರು, ಇಲ್ಲದ ಹಲ್ಲು ನೋಡಿ ಇದು ಅಮೆರಿಕದ ಸ್ಲಾತ್‌ನ ಸಂಬಂಧಿಯೆಂದು 1791ರಲ್ಲಿ ಜಾರ್ಜ್ ಶಾ ಎಂಬ ವಿಜ್ಞಾನಿ ತಪ್ಪು ತಿಳಿದು ಹೆಸರಿಟ್ಟ; ತಪ್ಪು ಗೊತ್ತಾದ ಮೇಲೂ ಇಂಗ್ಲಿಷಿನಲ್ಲಿ ಅದು ಸ್ಲಾತ್ ಬೇರ್ ಆಗಿಯೇ ಉಳಿಯಿತು. ಹಗಲಿನ ಬಿಸಿಲಿನಲ್ಲಿ ಕರಡಿ ಬಂಡೆಯ ಗವಿಯಲ್ಲಿ ಮಲಗಿರುತ್ತದೆ. ಹೊತ್ತು ಇಳಿದ ಮೇಲೆ ಹೊರಡುತ್ತದೆ. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ.

ಇಲ್ಲಿಯೇ ತೊಡಕು. ಜನ ಝೂಗೆ ಬರುವುದು ಹಗಲಿನಲ್ಲಿ. ಏಪ್ರಿಲ್ ಬಿಸಿಲಿಗೆ ಬೋಳುಬಂಡೆ ಕಾದ ಹೆಂಚಾಗುತ್ತದೆ. ಅದರ ಮೇಲೆ ಕರಡಿ ಕಾಣಬೇಕೆಂದು ಬಯಸುವುದು ಕರಡಿಗೆ ಮಾಡುವ ಅನ್ಯಾಯ. ಜಾಣ ವಿನ್ಯಾಸಕ ನೋಡುವ ಜಾಗದ ಹತ್ತಿರವೇ ನೆರಳಿನ ಗವಿ ಇಡುತ್ತಾನೆ, ಅದರ ಬುಡದಲ್ಲಿ ನೀರು ಹರಿಸುತ್ತಾನೆ. ತಂಪು ಇರುವಲ್ಲಿಗೆ ಕರಡಿ ತಾನಾಗಿ ಬರುತ್ತದೆ. ತಟ್ಟೆಯಲ್ಲಿ ಊಟ ಇಟ್ಟರೆ ಹತ್ತು ನಿಮಿಷಕ್ಕೆ ತಿಂದು ಮುಗಿಸಿ ದಿನವಿಡೀ ಅತ್ತಿಂದಿತ್ತ ಒಂದೇ ದಾರಿ ತುಳಿಯುತ್ತದೆ. ಬೇಸರದಿಂದ ಬರುವ ಕಾಯಿಲೆ ಅದು. ಅದೇ ಊಟವನ್ನು ಮರದ ದಿಮ್ಮಿಯ ತೂತುಗಳಲ್ಲಿ ಜೇನು ಬಳಿದು, ಕೃತಕ ಹುತ್ತದೊಳಗೆ ಅಡಗಿಸಿಟ್ಟರೆ ಗಂಟೆಗಟ್ಟಲೆ ಕೆಲಸ. ಕಂದಕಕ್ಕೆ ಗ್ರಾನೈಟನ್ನು ಸಿಡಿಮದ್ದಿನಿಂದ ಸೀಳಬೇಕಾದರೆ ಬೇಲಿಯೇ ವಾಸಿ. ಏಕೆಂದರೆ ಬಂಡೆಯನ್ನು ತೋರಿಸಲೆಂದು ಬಂಡೆ ಒಡೆಯುವುದಕ್ಕಿಂತ ವಿಪರ್ಯಾಸ ಇನ್ನೊಂದಿಲ್ಲ.

ಇದೇ ಉಪಾಯವನ್ನು ಬೋನಿಲ್ಲದೆ ಮಾಡಿದ್ದು ದರೋಜಿಯಲ್ಲಿ. 1994ರಲ್ಲಿ ಸ್ಥಾಪನೆಯಾದ ಆ ಕರಡಿಧಾಮದಲ್ಲಿ ಕಾವಲುಗೋಪುರದ ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕದಂಥ ಸಿಹಿ ಬಳಿದು ಬರುತ್ತಾರೆ. ಸಂಜೆಗೆ ಕರಡಿಗಳು ಒಂದೊಂದಾಗಿ ಇಳಿದು ಬಂದು ನೆಕ್ಕುತ್ತವೆ. ಇಲ್ಲಿ ಗೋಪುರದ ಮೇಲೆ ಕೂಡಿಹಾಕಲ್ಪಟ್ಟವನು ಮನುಷ್ಯ. ಕಾಡುಪ್ರಾಣಿಗೆ ಸಿಹಿಯ ಚಟ ಹಿಡಿಸಬೇಕೇ ಎಂಬ ಆಕ್ಷೇಪಕ್ಕೂ ಹುರುಳುಂಟು.

ಕರಡಿಯನ್ನು ನೋಡುವ ಇನ್ನೂ ಹಳೆಯದೊಂದು ಪದ್ಧತಿ ಇತ್ತು. ಮರಿಯನ್ನು ಗವಿಯಿಂದ ಕದ್ದು, ಮೂತಿ ತೂತು ಮಾಡಿ, ಹಗ್ಗ ಪೋಣಿಸಿ ಊರೂರು ಕುಣಿಸುತ್ತಿದ್ದರು. ಹೆದರಿದ ಮಗುವಿಗೆ ಕರಡಿಕೂದಲಿನ ತಾಯಿತ ಕಟ್ಟಿಸಿಕೊಂಡವರು ಈ ಸೀಮೆಯಲ್ಲಿ ಈಗಲೂ ಸಿಗುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂದರೂ ಈ ಕುಣಿತ ದಶಕಗಳ ಕಾಲ ನಡೆಯಿತು. ಕುಣಿಸುವ ಕಲಂದರ ಕುಟುಂಬಗಳಿಗೆ ಬೇರೆ ಜೀವನೋಪಾಯ ಒದಗಿಸುತ್ತ ಕರಡಿಗಳನ್ನು ಬಿಡಿಸಿಕೊಳ್ಳಲಾಯಿತು. ಕೊನೆಯದೆಂದು ಎಣಿಸಲಾದ ರಾಜು ಎಂಬ ಕರಡಿ 2009ರಲ್ಲಿ ಬನ್ನೇರುಘಟ್ಟದ ರಕ್ಷಣಾ ಕೇಂದ್ರ ಸೇರಿತು. ಮೂತಿ ಮಾಯದ, ಕಾಡಿಗೆ ಮರಳಲಾಗದ ಅಂಥ ಪ್ರಾಣಿಗಳಿಗೆ ಒಳ್ಳೆಯ ಆವರಣವೇ ಉಳಿದ ಆಯುಷ್ಯದ ಮನೆ.

ಆವರಣ ಕಾಡಿನ ದಾರಿಯೂ ಆಗಬಲ್ಲದು. ಗ್ಯಾಲಪಗೋಸಿನ ಎಸ್ಪನೊಲಾ ದ್ವೀಪದಲ್ಲಿ ಒಂದು ಕಾಲಕ್ಕೆ ಉಳಿದಿದ್ದ ಆಮೆಗಳು ಹದಿನಾಲ್ಕೇ, ಅದರಲ್ಲಿ ಗಂಡು ಎರಡು. ಅಮೆರಿಕದ ಸ್ಯಾನ್ ಡಿಯಾಗೋ ಝೂನಲ್ಲಿದ್ದ ಡಿಯಾಗೋ ಎಂಬ ಗಂಡನ್ನು 1970ರ ದಶಕದಲ್ಲಿ ಮರಳಿ ತಂದರು. ಹದಿನೈದರಿಂದ ಹುಟ್ಟಿದ ಸಂತತಿ ಸುಮಾರು ಎರಡು ಸಾವಿರ. 2020ರಲ್ಲಿ ಡಿಯಾಗೋ ಕೂಡ ತವರು ದ್ವೀಪಕ್ಕೆ ಮರಳಿದ. ಪಿಂಟಾ ದ್ವೀಪದ ಜಾರ್ಜ್ ಎಂಬ ಆಮೆಗೆ ಜೋಡಿ ಸಿಗಲಿಲ್ಲ. 2012ರಲ್ಲಿ ಅದು ಸತ್ತಾಗ ಆ ಕುಲವೇ ಮುಗಿಯಿತು.

ಡಿಯಾಗೋ ಮರಳಲು ದ್ವೀಪವಾದರೂ ಇತ್ತು. ಇಲ್ಲಿ ಗುಡ್ಡವೇ ಕರಗುತ್ತದೆ. ಕಲ್ಲುಕ್ವಾರಿಯವರು ಒಂದು ಗುಂಡನ್ನು ಸೀಳಿದರೆ ಗವಿಯೊಂದು ಹೋಯಿತು. 250 ಕೋಟಿ ವರ್ಷದ ಕಲ್ಲು ಮತ್ತೆ ಬೆಳೆಯುವುದಿಲ್ಲ. ದ್ವೀಪ ಸಣ್ಣದಾದಷ್ಟೂ, ದೂರವಾದಷ್ಟೂ ಅಲ್ಲಿನ ಜೀವಜಾತಿಗಳು ಕಡಿಮೆಯಾಗುತ್ತವೆ ಎಂದು ಮ್ಯಾಕ್‌ಆರ್ಥರ್, ವಿಲ್ಸನ್ ಎಂಬಿಬ್ಬರು ವಿಜ್ಞಾನಿಗಳು 1967ರಲ್ಲಿಯೇ ಸಿದ್ಧಾಂತ ಮಂಡಿಸಿದ್ದರು. ಗುಡ್ಡದಿಂದ ಗುಡ್ಡಕ್ಕೆ ದಾಟಲು ಕರಡಿ ಹೊಲವನ್ನೇ ತುಳಿಯಬೇಕು. ಆ ಹಾದಿಯಲ್ಲಿ ಕತ್ತಲೆಯಲ್ಲಿ ಎದುರಾದ ರೈತನ ಮುಖ ಹರಿದುಹೋಗುತ್ತದೆ, ಇಲ್ಲವೆ ಕರಡಿ ಉರುಳಿಗೆ ಬೀಳುತ್ತದೆ. ಗುಡೇಕೋಟೆಯ ಸುತ್ತ 2013ರಲ್ಲಿ ಸುಮಾರು 38 ಚದರ ಕಿ.ಮೀ. ಕರಡಿಧಾಮವಾಯಿತು, ಆಮೇಲೆ ಅದರ ಎಲ್ಲೆ ಹಿಗ್ಗಿತು. ಎಲ್ಲೆಯ ಹೊರಗೂ ಕರಡಿಗಳುಂಟು, ಶೇಂಗಾ ಅಟ್ಟಣೆಗಳೂ ಉಂಟು. ಝೂನ ಕರಡಿಮನೆಯ ಮುಂದಿನ ಫಲಕದಲ್ಲಿ ಕರಡಿಯ ತೂಕ, ಆಯುಷ್ಯಗಳ ಜೊತೆಗೆ ಬರೆಯಬೇಕಾದದ್ದು ಇದು: ಹೊಲದಲ್ಲಿ ಅದು ಎದುರಾದರೆ ಏನು ಮಾಡಬೇಕು, ಯಾವ ಹೊತ್ತಿನಲ್ಲಿ ಬಯಲಿಗೆ ಹೋಗಬಾರದು, ಬೆಳೆ ಹೋದರೆ ಪರಿಹಾರಕ್ಕೆ ಯಾರನ್ನು ಕೇಳಬೇಕು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಯಾವ ವಿನ್ಯಾಸಕನೂ ಇಲ್ಲದೆ ಒಂದು ದ್ವೀಪಸಮೂಹ ಆಗಿಹೋಗಿದೆ. ಕೆರೆ ತುಂಬಿದಾಗ ಅಂಗಳದ ಜಾಲಿಮರಗಳು ನೀರಿನ ನಡುವೆ ನಿಂತು ನಡುಗಡ್ಡೆಗಳಾಗುತ್ತವೆ. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲುಗಳು ಅವುಗಳ ಮೇಲೆ ಗೂಡು ಕಟ್ಟುತ್ತವೆ. ನೀರೇ ಕಂದಕ, ನಾಯಿ ನರಿ ದಾಟಲಾರವು. 2017ರಲ್ಲಿ ಪಕ್ಷಿ ಸಂರಕ್ಷಿತ ಪ್ರದೇಶವಾದ ಈ 98 ಹೆಕ್ಟೇರಿಗೆ 2024ರಲ್ಲಿ ರಾಮ್ಸಾರ್ ಮನ್ನಣೆ ಬಂತು. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಅಲ್ಲಿ ಗೂಡುಕಟ್ಟುತ್ತವೆ, ರಾತ್ರಿ ತಂಗುತ್ತವೆ. ನೋಡುಗರು ನಿಲ್ಲಬೇಕಾದದ್ದು ಕೆರೆಯ ಏರಿಯ ಮೇಲೆ.