ಈ ಹಾಡು ಮೊದಲೇ ಕೇಳಿದ್ದು! ಹಕ್ಕಿಗೆ ಗೊತ್ತಾಗುವುದು ಹೇಗೆ?

ರೇಡಿಯೋದಲ್ಲಿ ಹಾಡೊಂದು ಶುರುವಾಗುತ್ತದೆ. ಮೊದಲ ಸಾಲು ಮುಗಿಯುವ ಮುನ್ನವೇ ‘ಇದು ನನಗೆ ಗೊತ್ತು’ ಎಂದು ನೀವು ಹೇಳಿಬಿಡುತ್ತೀರಿ, ಅಲ್ಲವೇ? ಹಾಡುಹಕ್ಕಿಗಳೂ ಹೀಗೆಯೇ ಪರಿಚಿತ ಹಾಡನ್ನು ಗುರುತಿಸುತ್ತವೆ. ಆಗ ಅವುಗಳ ಮಿದುಳಿನಲ್ಲಿ ಏನು ನಡೆಯುತ್ತದೆ?

ಕೋಗಿಲೆ ಮರಿ ಬೆಳೆಯುವುದು ಕಾಗೆಯ ಗೂಡಿನಲ್ಲಿ. ಆದರೂ ದೊಡ್ಡದಾದ ಮೇಲೆ ಅದು ‘ಕುಹೂ’ ಎಂದೇ ಕೂಗುತ್ತದೆ. ಆ ಕೂಗು ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ವಿಜ್ಞಾನಿಗಳು ‘ಹಾಡುಹಕ್ಕಿಗಳು’ ಎಂದು ಕರೆಯುವ ಗುಂಪಿನಲ್ಲಿ ಹಾಗಲ್ಲ. ಅವು ಹಾಡನ್ನು ಕೇಳಿಯೇ ಕಲಿಯಬೇಕು.

ಆಸ್ಟ್ರೇಲಿಯಾದ ಜೀಬ್ರಾ ಫಿಂಚ್ ಅಂಥ ಒಂದು ಹಕ್ಕಿ. ಗಾತ್ರದಲ್ಲಿ ಗುಬ್ಬಚ್ಚಿಗಿಂತ ಚಿಕ್ಕದು. ಹಾಡುವುದು ಗಂಡು ಮಾತ್ರ. ಗಂಡು ಮರಿ ಹುಟ್ಟಿದ ಸುಮಾರು 25ನೇ ದಿನದಿಂದ 65ನೇ ದಿನದವರೆಗೆ ತಂದೆಯ ಹಾಡನ್ನು ಕೇಳಿ ನೆನಪಿಟ್ಟುಕೊಳ್ಳುತ್ತದೆ. ಅದನ್ನು ತೊದಲುತ್ತಾ ಅಭ್ಯಾಸ ಮಾಡುತ್ತದೆ. ಸುಮಾರು 90 ದಿನಗಳಾಗುವ ಹೊತ್ತಿಗೆ ಅದರ ಹಾಡು ಸ್ಥಿರವಾಗುತ್ತದೆ. ಹೆಣ್ಣು ಹಾಡದಿದ್ದರೂ ತನ್ನ ಜೊತೆಗಾರನ ಹಾಡನ್ನು ಗುರುತಿಸಬಲ್ಲದು.

ಈ ನೆನಪು ಮಿದುಳಿನಲ್ಲಿ ಎಲ್ಲಿದೆ? ಕಿವಿಯಿಂದ ಬಂದ ಶಬ್ದವನ್ನು ಪರಿಶೀಲಿಸುವ ಒಂದು ಭಾಗ ಹಕ್ಕಿಯ ಮಿದುಳಿನಲ್ಲಿದೆ. ಅದನ್ನು ‘ಎನ್‌ಸಿಎಂ’ ಎನ್ನುತ್ತಾರೆ. 1995ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಹಳ ತೆಳುವಾದ ತಂತಿಗಳ ಮೂಲಕ ಅಲ್ಲಿನ ನರಕೋಶಗಳ ವಿದ್ಯುತ್ ಮಿಡಿತವನ್ನು ಅಳೆದರು. ಹೊಸ ಹಾಡನ್ನು ಕೇಳಿಸಿದಾಗ ನರಕೋಶಗಳು ಜೋರಾಗಿ ಮಿಡಿದವು. ಅದೇ ಹಾಡನ್ನು ಮತ್ತೆ ಮತ್ತೆ ಕೇಳಿಸಿದಾಗ ಮಿಡಿತ ಕಡಿಮೆಯಾಗುತ್ತಾ ಬಂದಿತು.

ನರಕೋಶಗಳಿಗೆ ದಣಿವಾಯಿತೇ? ಇಲ್ಲ. ಬೇರೊಂದು ಹಾಡನ್ನು ಹಾಕಿದೊಡನೆ ಅವು ಮತ್ತೆ ಜೋರಾಗಿ ಮಿಡಿದವು! ಹಲವು ಗಂಟೆಗಳ ನಂತರ ಹಳೆಯ ಹಾಡನ್ನೇ ಕೇಳಿಸಿದಾಗಲೂ ಮಿಡಿತ ಕಡಿಮೆಯೇ ಇತ್ತು. ಅಂದರೆ, ಮಿಡಿತ ಇಳಿದಿರುವುದೇ ‘ಇದು ಕೇಳಿದ ಹಾಡು’ ಎಂಬುದರ ಗುರುತು. ಹೊಸಬರು ಬಂದರೆ ಬೊಗಳುವ ನಾಯಿ, ಮನೆಯವರು ಬಂದರೆ ಸುಮ್ಮನಿರುತ್ತದಲ್ಲ, ಹಾಗೆ.

2006ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಎಳೆಯದರಲ್ಲಿ ಕೇಳಿದ ಗುರುಹಕ್ಕಿಯ ಹಾಡಿನ ಗುರುತು ದೊಡ್ಡ ಹಕ್ಕಿಗಳ ಎನ್‌ಸಿಎಂನಲ್ಲಿ ಕಂಡಿತು. ಗುರುವಿನ ಹಾಡನ್ನು ಚೆನ್ನಾಗಿ ಅನುಕರಿಸಿದ್ದ ಹಕ್ಕಿಗಳಲ್ಲಿ ಆ ಗುರುತು ಹೆಚ್ಚು ಸ್ಪಷ್ಟವಾಗಿತ್ತು.

ಹಾಗಾದರೆ, ಮರಿಗೆ ಹಾಡು ಕೇಳಿಸಲು ಹಿರಿಯ ಹಕ್ಕಿಗಳೇ ಇಲ್ಲದಿದ್ದರೆ?

ಆಸ್ಟ್ರೇಲಿಯಾದ ಮತ್ತೊಂದು ಹಾಡುಹಕ್ಕಿಗೆ ಈಗ ಇದೇ ಕಷ್ಟ ಬಂದಿದೆ. ಅದರ ಹೆಸರು ರೀಜೆಂಟ್ ಹನಿಈಟರ್. ಕಪ್ಪು ಹಳದಿ ಬಣ್ಣದ ಈ ಹಕ್ಕಿ ಹೂವಿನ ಮಕರಂದ ಹೀರುತ್ತದೆ. ಜನರು ಕಾಡು ಕಡಿದದ್ದರಿಂದ ಇದರ ಸಂಖ್ಯೆ ಕುಸಿಯಿತು. 2021ರಲ್ಲಿ ವರದಿಯಾದಂತೆ ಕಾಡಿನಲ್ಲಿ ಉಳಿದಿದ್ದವು ಸುಮಾರು 300 ಮಾತ್ರ. ಅವೂ ದೂರ ದೂರ ಚದುರಿದ್ದವು. ಎಳೆಯ ಗಂಡುಗಳಿಗೆ ತಮ್ಮ ಜಾತಿಯ ಹಾಡು ಕೇಳಿಸುವುದೇ ಅಪರೂಪವಾಯಿತು. ಪರೀಕ್ಷಿಸಿದ ಗಂಡುಗಳಲ್ಲಿ ಶೇಕಡಾ 12ರಷ್ಟು ಬೇರೆ ಜಾತಿಯ ಹಕ್ಕಿಗಳ ಹಾಡನ್ನೇ ಹಾಡುತ್ತಿದ್ದವು! ತಪ್ಪು ಹಾಡು ಹಾಡುವ ಗಂಡಿಗೆ ಜೊತೆ ಸಿಗುವ ಸಾಧ್ಯತೆ ಕಡಿಮೆ. ಜೊತೆಯಿಲ್ಲದಿದ್ದರೆ ಮರಿಗಳೂ ಇಲ್ಲ.

ಅದಕ್ಕಾಗಿ ಸಿಡ್ನಿಯ ಟರೋಂಗಾ ಮೃಗಾಲಯದಲ್ಲಿ ಸಾಕಿದ ಎಳೆಯ ಹಕ್ಕಿಗಳಿಗೆ ಹಾಡಿನ ಪಾಠ ಶುರುವಾಯಿತು. ಕಾಡಿನಲ್ಲಿ ಧ್ವನಿಮುದ್ರಿಸಿದ ಹಾಡುಗಳನ್ನು ಅವುಗಳಿಗೆ ಕೇಳಿಸಿದರು. ಜೊತೆಗೆ, ಕಾಡಿನಲ್ಲಿ ಹುಟ್ಟಿ ಸರಿಯಾಗಿ ಹಾಡಬಲ್ಲ ಗಂಡುಗಳನ್ನು ಅವುಗಳ ಪಕ್ಕದಲ್ಲಿಟ್ಟರು. ಆ ಗಂಡುಗಳೇ ಅಲ್ಲಿನ ಸಂಗೀತದ ಮೇಷ್ಟರು!