ಕಾಲರಿನ ಮೂಲೆಯಲ್ಲಿ ಸೂಜಿ ನಿಂತಾಗ

ಬೆಂಗಳೂರಿನ ಆರ್.ಟಿ. ನಗರದ ಒಳರಸ್ತೆಗಳಲ್ಲಿ ಒಂದೇ ಮಿಷನ್ ಹಿಡಿಸುವಷ್ಟು ಜಾಗದ ಟೈಲರ್ ಅಂಗಡಿಗಳಿವೆ. ಅಂಥದ್ದೊಂದರ ಮುಂದೆ ನಿಂತು ಶರ್ಟಿನ ಕಾಲರ್ ಹೊಲಿಯುವುದನ್ನು ನೋಡಿ. ಗಡಗಡನೆ ಓಡುತ್ತಿದ್ದ ಮಿಷನ್ನಿನ ಸದ್ದು ಮೂಲೆ ಹತ್ತಿರವಾದಂತೆ ತಗ್ಗುತ್ತದೆ. ಟೈಲರ್ ಪೆಡಲ್ ಬಿಟ್ಟು, ಬಲಗೈಯಿಂದ ಚಕ್ರವನ್ನು ತುಸುವೇ ತಿರುಗಿಸಿ, ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸುತ್ತಾರೆ. ಬಟ್ಟೆಯನ್ನು ಒತ್ತಿಹಿಡಿದಿರುವ ಫುಟ್ ಎತ್ತಿ, ಬಟ್ಟೆ ತಿರುಗಿಸಿ, ಫುಟ್ ಇಳಿಸುತ್ತಾರೆ. ಮತ್ತೆ ಓಟ. ಎರಡು ಸೆಕೆಂಡಿನ ಕೆಲಸ, ಅಷ್ಟೆ. ಆದರೆ ಹೊಲಿಗೆ ಯಂತ್ರದ ಜಾಣ್ಮೆಯನ್ನೆಲ್ಲ ಒಟ್ಟಿಗೆ ನೋಡಬೇಕೆಂದರೆ ಈ ಎರಡು ಸೆಕೆಂಡನ್ನೇ ನೋಡಬೇಕು.

ಮೊದಮೊದಲ ಕೆಲವು ಯಂತ್ರಗಳಿಗೆ ಮೂಲೆ ತಿರುಗಲು ಬರುತ್ತಿರಲಿಲ್ಲ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಬಟ್ಟೆಯನ್ನು ಮುಳ್ಳುಗಳಿದ್ದ ಲೋಹದ ಪಟ್ಟಿಗೆ ಚುಚ್ಚಿ ನೇತುಹಾಕಬೇಕಿತ್ತು. ಪಟ್ಟಿ ಸರಿದಷ್ಟು ದೂರ ನೇರ ಹೊಲಿಗೆ. ಪಟ್ಟಿ ಮುಗಿಯಿತೆಂದರೆ ಬಟ್ಟೆ ಬಿಡಿಸಿ, ಪಟ್ಟಿಯನ್ನು ಹಿಂದಕ್ಕೆ ತಂದು, ಮತ್ತೆ ಚುಚ್ಚಬೇಕು. ಹಿಡಿದ ಬಟ್ಟೆಯನ್ನು ಯಂತ್ರ ನಡುವೆ ಎಲ್ಲೂ ಬಿಡುತ್ತಿರಲಿಲ್ಲ. ಬಿಡದ ಬಟ್ಟೆಯನ್ನು ತಿರುಗಿಸುವುದು ಹೇಗೆ?

ಆಲನ್ ವಿಲ್ಸನ್ ಎಂಬಾತ 1854ರಲ್ಲಿ ಪೇಟೆಂಟ್ ಪಡೆದ ಉಪಾಯ ಇಂದಿಗೂ ನಮ್ಮ ಮನೆಯ ಮಿಷನ್ನುಗಳಲ್ಲಿದೆ. ಫುಟ್ಟಿನ ಕೆಳಗೆ ಗರಗಸದಂಥ ಹಲ್ಲುಗಳು ಕಾಣುತ್ತವಲ್ಲ, ಅವು ಮೇಲೇಳುತ್ತವೆ, ಬಟ್ಟೆಯನ್ನು ಒಂದು ಹೊಲಿಗೆಯಷ್ಟು ಮುಂದಕ್ಕೆ ತಳ್ಳುತ್ತವೆ, ಕೆಳಗಿಳಿಯುತ್ತವೆ, ಬಟ್ಟೆಗೆ ತಾಗದೆ ಹಿಂದಿನ ಜಾಗಕ್ಕೆ ಮರಳುತ್ತವೆ. ಅಂದರೆ ಪ್ರತಿ ಹೊಲಿಗೆಗೂ ಒಮ್ಮೆ ಹಲ್ಲುಗಳು ಬಟ್ಟೆಯನ್ನು ಬಿಟ್ಟುಕೊಡುತ್ತವೆ. ಸೂಜಿ ಒಳಗಿದ್ದಾಗ ಫುಟ್ಟನ್ನೂ ಎತ್ತಿದರೆ ಬಟ್ಟೆಯನ್ನು ಹಿಡಿದಿರುವುದು ಸೂಜಿಯೊಂದೇ. ಶಾಲೆಯ ಕೈವಾರದ ಮುಳ್ಳಿನಂತೆ ಅದು ನಿಲ್ಲುತ್ತದೆ. ಬಟ್ಟೆ ಅದರ ಸುತ್ತ ಬೇಕಾದ ಕಡೆಗೆ ತಿರುಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸೂಜಿ ಪೂರ್ತಿ ಕೆಳಗಿದ್ದಾಗ ತಿರುಗಿಸಬಾರದು. ತಳ ಮುಟ್ಟಿದ ಸೂಜಿ ಸುಮಾರು 2 ಮಿಲಿಮೀಟರ್ ಮೇಲೆದ್ದಾಗ, ಅದರ ಜೊತೆ ಏರಲಾಗದ ದಾರ ಪಕ್ಕಕ್ಕೆ ಉಬ್ಬಿ ಪುಟ್ಟ ಕುಣಿಕೆಯಾಗುತ್ತದೆ. ಕೆಳಗಿನ ದಾರ ಸುತ್ತಿದ ಬಾಬಿನ್ನಿನ ಸುತ್ತಲಿನ ಕೊಕ್ಕೆ ಆ ಕುಣಿಕೆಯೊಳಗೆ ಮೂತಿ ತೂರಿಸಿ, ಮೇಲಿನ ದಾರವನ್ನು ಬಾಬಿನ್ನಿಗೆ ಸುತ್ತುಹಾಕಿಸುತ್ತದೆ. ಹೊಲಿಗೆ ಬೀಳುವುದು ಹೀಗೆ. ಕೊಕ್ಕೆ ಹಿಡಿಯುವ ಮೊದಲೇ ಬಟ್ಟೆ ತಿರುಗಿದರೆ ದಾರ ತಿರುಚಿಕೊಂಡು ಕುಣಿಕೆ ಸೊಟ್ಟಗಾಗುತ್ತದೆ. ಕೊಕ್ಕೆಗೆ ಅದು ತಪ್ಪಿದರೆ ಸರಿಯಾಗಿ ಮೂಲೆಯಲ್ಲೇ ಒಂದು ಹೊಲಿಗೆ ಮಾಯ. ಅದಕ್ಕೇ ನುರಿತ ಕೈ ಸೂಜಿಯನ್ನು ತಳ ಮುಟ್ಟಿಸಿ, ಕೊಂಚ ಮೇಲೆತ್ತಿ, ಆಮೇಲೆ ತಿರುಗಿಸುತ್ತದೆ. ಕುಣಿಕೆ, ಕೊಕ್ಕೆ ಎಲ್ಲವೂ ತಟ್ಟೆಯ ಕೆಳಗಿವೆ, ಕಣ್ಣಿಗೆ ಬೀಳುವುದಿಲ್ಲ. ಆ ಬೆರಳುಗಳಿಗೆ ಮಾತ್ರ ಗೊತ್ತಾಗುತ್ತದೆ. ನನಗೆ ಇದು ಪ್ರತಿ ಸಲವೂ ಬೆರಗು.

ಹೊಲಿಗೆ ಸರಿಯಾಗಿ ಬಿದ್ದರೂ ಅರ್ಧ ಕೆಲಸ ಬಾಕಿ. ಕಾಲರ್ ಹೊಲಿಯುವುದು ಒಳಮಗ್ಗುಲಿನಿಂದ. ಮಗುಚಿದಾಗ ಹೊಲಿಗೆಯಾಚೆ ಬಿಟ್ಟ ಬಟ್ಟೆ, ಅಂದರೆ ಮಾರ್ಜಿನ್, ಒಳಗೆ ಸೇರುತ್ತದೆ. ಒಂದು ಚೌಕ ಕಾಗದ ತೆಗೆದುಕೊಂಡು ಕೆಳಅಂಚನ್ನು ಒಂದು ಬೆರಳಗಲ ಮಡಿಸಿ, ಆಮೇಲೆ ಪಕ್ಕದ ಅಂಚನ್ನೂ ಹಾಗೆಯೇ ಮಡಿಸಿ. ಅಂಚಿನಲ್ಲಿ 2 ಪದರ, ಮೂಲೆಯಲ್ಲಿ 4. ಕಾಲರಿಗೆ ಮೇಲೊಂದು ಕೆಳಗೊಂದು ಬಟ್ಟೆ ಇರುವುದರಿಂದ ಮೂಲೆಯಲ್ಲಿ 8. ಬಟ್ಟೆ ಕಾಲು ಮಿಲಿಮೀಟರ್ ದಪ್ಪವೆಂದರೂ ಅಲ್ಲಿ 2 ಮಿಲಿಮೀಟರ್ ಗಂಟು, ಮೇಲೆ ಕಾಲರಿನೊಳಗೆ ಇಡುವ ಕ್ಯಾನ್ವಾಸಿನ ದಪ್ಪ ಬೇರೆ. ಜಾಗ ಅತಿ ಕಡಿಮೆ ಇರುವಲ್ಲೇ ಬಟ್ಟೆ ಅತಿ ಹೆಚ್ಚು! ಕಾಲರಿನ ತುದಿ 90 ಡಿಗ್ರಿಗಿಂತ ಕಿರಿದಾದ್ದರಿಂದ ಇಕ್ಕಟ್ಟು ಇನ್ನೂ ಜಾಸ್ತಿ.

ಹಾಗಾಗಿ ಮೂಲೆಯ ಮಾರ್ಜಿನ್ನನ್ನು ಓರೆಯಾಗಿ ಕತ್ತರಿಸಿ ತೆಗೆಯುತ್ತಾರೆ. ಹೊಲಿಗೆಗೆ ಅಷ್ಟು ಹತ್ತಿರ ಕತ್ತರಿಸಿದರೆ ನೂಲು ಬಿಚ್ಚಿಕೊಳ್ಳದಿರಲೆಂದು ಮೂಲೆಯ ಆಚೀಚೆ ಹೊಲಿಗೆಯನ್ನು ಚಿಕ್ಕದಾಗಿ ಹಾಕಿರುತ್ತಾರೆ. ಕೆಲವರು ತುದಿಗೆ ಹೋಗಿ ಗಕ್ಕನೆ ತಿರುಗುವುದಿಲ್ಲ. ತುದಿಯಲ್ಲಿ ಅಡ್ಡಲಾಗಿ ಒಂದೇ ಒಂದು ಹೊಲಿಗೆ ಹಾಕಿ ಮುಂದೆ ಹೋಗುತ್ತಾರೆ. ಆ ಒಂದು ಹೊಲಿಗೆಯ ಅಗಲ ಒಳಗಿನ ಬಟ್ಟೆಗೆ ಉಸಿರಾಡುವ ಜಾಗ. ಮಗುಚಿ ಇಸ್ತ್ರಿ ಮಾಡಿದರೆ, ಹೊಲಿಗೆಯಲ್ಲಿ ಮೊಂಡಾಗಿದ್ದ ಮೂಲೆ ಹೊರಗೆ ಚೂಪಾಗಿ ಕಾಣುತ್ತದೆ.

ಯಶವಂತಪುರ, ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಈ ಕೆಲಸ ಹಲವು ಕೈಗಳಿಗೆ ಹಂಚಿಹೋಗಿದೆ. ಒಬ್ಬರು ಹೊಲಿದರೆ ಇನ್ನೊಬ್ಬರು ತುದಿ ಕತ್ತರಿಸುತ್ತಾರೆ, ಮತ್ತೊಬ್ಬರು ಮಗುಚುತ್ತಾರೆ. ಅಲ್ಲಿನ ಮಿಷನ್ನುಗಳು ನಿಮಿಷಕ್ಕೆ 4000ದಿಂದ 5000 ಹೊಲಿಗೆ ಹಾಕಬಲ್ಲವು. ಕಾಲು ತೆಗೆದೊಡನೆ ಸೂಜಿಯನ್ನು ಕೆಳಗೇ ನಿಲ್ಲಿಸುವ ಮೋಟಾರುಗಳೂ ಇವೆ. ಆದರೂ ಎಲ್ಲಿ ತಿರುಗಬೇಕೆಂದು ನೋಡುವುದು ಅಲ್ಲಿ ಕೂತ ಹೆಣ್ಣುಮಗಳ ಕಣ್ಣು. ಒಂದು ಹೊಲಿಗೆಯ ಉದ್ದ ಸುಮಾರು 2.5 ಮಿಲಿಮೀಟರ್; ಅದರಲ್ಲಿ ಅರ್ಧ ಮುಂದೆ ಹೋದರೂ ಕಾಲರಿನ ಎರಡು ತುದಿಗಳು ಜೋಡಿಯಾಗುವುದಿಲ್ಲ. ಕುತ್ತಿಗೆಯ ಎಡಬಲಕ್ಕೆ ಕೂರುವ ತುದಿಗಳಲ್ಲಿ ಅಷ್ಟು ವ್ಯತ್ಯಾಸವನ್ನು ಎದುರಿಗೆ ನಿಂತವರು ಥಟ್ಟನೆ ಗುರುತಿಸುತ್ತಾರೆ.

ಇನ್ನು ಮಗುಚುವುದು. ಕತ್ತರಿಯ ತುದಿಯಿಂದ ಚುಚ್ಚಿದರೆ ಮೂಲೆಯೇ ತೂತಾದೀತು. ಬಲ್ಲವರು ಮೂಲೆಗೆ ಬಂದಾಗ, ಎರಡು ಬಟ್ಟೆಗಳ ನಡುವೆ ಒಂದು ತುಂಡು ದಾರವನ್ನು ಅಲ್ಲಿನ ಹೊಲಿಗೆಗೆ ಬಳಸಿ ಇಟ್ಟಿರುತ್ತಾರೆ. ಮಗುಚುವಾಗ ದಾರದ ಎರಡು ತುದಿಗಳನ್ನೂ ಸೇರಿಸಿ ಹಿಡಿದು ಮೆಲ್ಲಗೆ ಎಳೆದರೆ ಮೂಲೆ ಒಳಗಿನಿಂದ ತಾನಾಗಿ ಹೊರಗೆ ಬರುತ್ತದೆ. ಆಮೇಲೆ ದಾರದ ಒಂದು ತುದಿ ಬಿಟ್ಟು ಇನ್ನೊಂದನ್ನು ಎಳೆದರೆ ಅದೂ ಜಾರಿ ಕೈಗೆ ಬರುತ್ತದೆ.